ಮಳೆಗಾಲ ಎಣಿಸಿ ಹಿರಿತನ: ಬುದ್ಧನ ನಂತರ ಸಂಘವನ್ನು ನಡೆಸಿದವರು ಯಾರು?

(ಇದು ಆಡಿಯೋ ಸಂಚಿಕೆಯ ಬರಹರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಇವತ್ತಿನ ಸಂಚಿಕೆಯನ್ನು ಒಂದು ಊಟದ ಸಾಲಿನಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಬೌದ್ಧ ವಿಹಾರಕ್ಕೆ ಹೋಗಿದ್ದೆ. ಬೆಳಿಗ್ಗೆ ಹನ್ನೊಂದರ ಹೊತ್ತು. ಭಿಕ್ಷುಗಳು ಪಾತ್ರೆ ಹಿಡಿದು ಸಾಲಾಗಿ ನಿಂತಿದ್ದರು. ಸಾಲಿನ ನಡುವೆ ಇಪ್ಪತ್ತೈದರ ಒಬ್ಬ ಹುಡುಗ, ಅವನ ಹಿಂದೆ ಅರವತ್ತು ದಾಟಿದ ಒಬ್ಬರು. ನಮ್ಮ ಕಡೆ ಮದುವೆ ಪಂಕ್ತಿಯಲ್ಲಿ ಹೀಗಾದರೆ ಯಾರಾದರೂ ಹುಡುಗನ ಭುಜ ಹಿಡಿದು ಹಿಂದಕ್ಕೆ ಎಳೀತಾರೆ, ಅಲ್ವಾ? ಇಲ್ಲಿ ಯಾರೂ ಏನೂ ಅನ್ನಲಿಲ್ಲ. ಊಟ ಆದ ಮೇಲೆ ಆ ಹಿರಿಯರನ್ನೇ ಕೇಳಿದೆ. ಅವರು ನಕ್ಕರು. "ಅವರು ನನಗಿಂತ ಹಿರಿಯರಪ್ಪಾ. ಅವರಿಗೆ ಐದು ಮಳೆಗಾಲ, ನನಗೆ ಎರಡೇ" ಅಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಸರಿಸುಮಾರು ಎರಡೂವರೆ ಸಾವಿರ ವರ್ಷಗಳಿಂದ ನಡೆದು ಬಂದಿರುವ ಒಂದು ಸಮುದಾಯ ತನ್ನ ಹಿರಿಯರನ್ನು ಹೇಗೆ ಗುರುತಿಸಿತು? ಅವರಿಗೆ ಎಷ್ಟು ಅಧಿಕಾರ ಕೊಟ್ಟಿತು? ಗುರು ತೀರಿಕೊಂಡ ಮೇಲೆ ಉತ್ತರಾಧಿಕಾರಿಯೇ ಇಲ್ಲದೆ ಅದು ಹೇಗೆ ಉಳೀತು? ಆ ಹಿರಿಯರು ಎಲ್ಲಿ ಗೆದ್ದರು, ಎಲ್ಲಿ ಸೋತರು? ಇವತ್ತು ಇದನ್ನೇ ನೋಡೋಣ.

ವಯಸ್ಸಲ್ಲ, ವಸ್ಸ

ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಅಲೆದಾಟ ನಿಲ್ಲಿಸಿ ಒಂದೇ ಕಡೆ ಇರಬೇಕು. ಪಾಲಿ ಭಾಷೆಯಲ್ಲಿ ಇದಕ್ಕೆ 'ವಸ್ಸ' ಅಂತಾರೆ. ಅಂದ್ರೆ ನಮ್ಮ 'ವರ್ಷ'ವೇ, ಮಳೆ ಅನ್ನೋ ಹಳೆಯ ಅರ್ಥದಲ್ಲಿ. ದೀಕ್ಷೆ ಆದ ಮೇಲೆ ಇಂಥ ಎಷ್ಟು ಮಳೆಗಾಲ ಕಳೆದಿರಿ ಅನ್ನೋದೇ ಹಿರಿತನದ ಲೆಕ್ಕ. ಹತ್ತು ಆದರೆ 'ಥೇರ', ಇಪ್ಪತ್ತು ಆದರೆ 'ಮಹಾಥೇರ'. ಸಂಸ್ಕೃತದ 'ಸ್ಥವಿರ' ಪಾಲಿಯಲ್ಲಿ 'ಥೇರ' ಆಗಿದೆ. ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್‌ಗಳಲ್ಲಿರುವ ಥೇರವಾದ ಅನ್ನೋ ಹೆಸರಿನ ಅರ್ಥವೇ ಹಿರಿಯರ ಮತ. ನರೆತ ಕೂದಲಿಗೂ ಈ ಪದವಿಗೂ ಸಂಬಂಧ ಇಲ್ಲ.

ಈ ನಿಯಮ ಬಂದದ್ದು ಹೇಗೆ ಅಂತ ವಿನಯಪಿಟಕದಲ್ಲಿ, ಅಂದ್ರೆ ಭಿಕ್ಷುಗಳ ಶಿಸ್ತಿನ ಗ್ರಂಥದಲ್ಲಿ, ಒಂದು ಪ್ರಸಂಗ ಇದೆ. ಶ್ರಾವಸ್ತಿಗೆ ಪ್ರಯಾಣ. ಕೆಲವು ಕಿಡಿಗೇಡಿ ಭಿಕ್ಷುಗಳ ಶಿಷ್ಯರು ಮುಂದೆ ಓಡಿ ಹೋಗಿ, ಇದು ನಮ್ಮ ಉಪಾಧ್ಯಾಯರಿಗೆ, ಇದು ನಮಗೆ ಅಂತ ಇದ್ದ ಜಾಗವನ್ನೆಲ್ಲ ಹಿಡಿದುಬಿಟ್ಟರು. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕ್ತಾರಲ್ಲ, ಹಾಗೆ. ಹಿಂದಿನಿಂದ ಬಂದ ಶಾರಿಪುತ್ರ, ಬುದ್ಧನ ಇಬ್ಬರು ಅಗ್ರಶಿಷ್ಯರಲ್ಲಿ ಒಬ್ಬ, ಮಲಗೋಕೆ ಜಾಗ ಸಿಗದೆ ಮರದ ಬುಡದಲ್ಲಿ ರಾತ್ರಿ ಕಳೆದ.

ಬುದ್ಧ ಎಲ್ಲರನ್ನೂ ಸೇರಿಸಿ ಕೇಳಿದ: ಮೊದಲ ಆಸನ, ಮೊದಲ ನೀರು, ಮೊದಲ ಅನ್ನ ಯಾರಿಗೆ ಸಲ್ಲಬೇಕು? ಒಬ್ಬ ಕ್ಷತ್ರಿಯ ಕುಲದವನಿಗೆ ಅಂದ. ಒಬ್ಬ ಬ್ರಾಹ್ಮಣನಿಗೆ ಅಂದ. ಹೆಚ್ಚು ಸೂತ್ರ ಬಲ್ಲವನಿಗೆ, ಚೆನ್ನಾಗಿ ಉಪದೇಶ ಮಾಡುವವನಿಗೆ, ಧ್ಯಾನದಲ್ಲಿ ಮೇಲೇರಿದವನಿಗೆ ಅಂತ ಒಬ್ಬೊಬ್ಬರದು ಒಂದೊಂದು ಉತ್ತರ. ಆಗ ಬುದ್ಧ ಒಂದು ಕಥೆ ಹೇಳಿದನಂತೆ. ಆಲದ ಮರದ ಬಳಿ ಇದ್ದ ಆನೆ, ಕೋತಿ, ತಿತ್ತಿರಿ ಹಕ್ಕಿ ತಮ್ಮಲ್ಲಿ ಹಿರಿಯರು ಯಾರು ಅಂತ ತೀರ್ಮಾನ ಮಾಡಿದ ಕಥೆ. ಆನೆ ಮರಿಯಾಗಿದ್ದಾಗ ಆ ಗಿಡದ ತುದಿ ಅದರ ಹೊಟ್ಟೆಗೆ ತಾಗ್ತಿತ್ತು. ಕೋತಿ ಮರಿಯಾಗಿದ್ದಾಗ ನೆಲದ ಮೇಲೆ ಕೂತೇ ಅದರ ಚಿಗುರು ತಿಂದಿತ್ತು. ತಿತ್ತಿರಿಯೋ, ಬೇರೊಂದು ಆಲದ ಹಣ್ಣು ತಿಂದು ಅಲ್ಲಿ ಹಿಕ್ಕೆ ಹಾಕಿತ್ತು. ಆ ಬೀಜದಿಂದ ಹುಟ್ಟಿದ್ದೇ ಈ ಮರ. ಹಾಗಾಗಿ ಚಿಕ್ಕ ಹಕ್ಕಿಗೆ ದೊಡ್ಡ ಆನೆ ತಲೆಬಾಗಿತು.

ಇದು ಬರೀ ಮಕ್ಕಳ ಕಥೆ ಅನ್ನಿಸಬಹುದು. ಆದರೆ ಭಿಕ್ಷುಗಳು ಕೊಟ್ಟ ಉತ್ತರಗಳನ್ನು ಇನ್ನೊಮ್ಮೆ ನೋಡಿ. ಕುಲ ಬಿತ್ತು. ಪಾಂಡಿತ್ಯ ಬಿತ್ತು. ಸಾಧನೆಯೂ ಬಿತ್ತು. ಯಾಕೆ ಸಾಧನೆಯೂ ಬೇಡ? ನನ್ನ ಊಹೆ ಹೇಳ್ತೀನಿ. ಯಾರು ಹೆಚ್ಚು ಜ್ಞಾನಿ ಅನ್ನೋದನ್ನು ಊಟದ ಸಾಲಿನಲ್ಲಿ ತೀರ್ಮಾನ ಮಾಡೋಕಾಗಲ್ಲ, ಮಾಡೋಕೆ ಹೋದರೆ ದಿನಾ ಜಗಳ. ಮಳೆಗಾಲ ಎಣಿಸೋದು ಸುಲಭ, ಅದನ್ನು ಯಾರೂ ಕೊಳ್ಳೋಕಾಗಲ್ಲ.

ಈ ಲೆಕ್ಕಾಚಾರದ ನಿಜವಾದ ಹರಿತ ಕಾಣೋದು ಉಪಾಲಿಯ ವಿಷಯದಲ್ಲಿ. ಉಪಾಲಿ ಶಾಕ್ಯರ ಮನೆಯ ಕ್ಷೌರಿಕ. ಅನಿರುದ್ಧ, ಆನಂದ, ದೇವದತ್ತ ಮೊದಲಾದ ಶಾಕ್ಯ ಕುಮಾರರ ಜೊತೆ ಅವನೂ ದೀಕ್ಷೆಗೆ ಬಂದ. ಆ ಕುಮಾರರೇ ಬುದ್ಧನನ್ನು ಕೇಳಿಕೊಂಡರು ಅಂತ ವಿನಯ ಹೇಳುತ್ತೆ: ಇವನು ನಮ್ಮ ಸೇವಕ, ಇವನಿಗೆ ಮೊದಲು ದೀಕ್ಷೆ ಕೊಡಿ, ಆಮೇಲೆ ನಾವು ಎದ್ದು ನಿಂತು ಕೈಮುಗಿಯಬೇಕಾಗುತ್ತೆ, ನಮ್ಮ ಶಾಕ್ಯ ಕುಲದ ಜಂಬ ಇಳಿಯುತ್ತೆ ಅಂತ. ಕೆಲವು ಕ್ಷಣ ಮುಂಚೆ ದೀಕ್ಷೆ ಆಯಿತು, ಅಷ್ಟೇ. ಜೀವನ ಪೂರ್ತಿ ಆ ಕ್ಷೌರಿಕ ರಾಜಕುಲದವರಿಗೆ ಹಿರಿಯ.

ಮೊದಲು ತಪ್ಪು ಕೇಳಬೇಕಾದವನು ಹಿರಿಯ

ಹಾಗಾದ್ರೆ ಹಿರಿಯ ಹೇಳಿದ್ದೇ ಶಾಸನವಾ? ಅಲ್ಲ. ಹಿರಿತನದಿಂದ ಸಿಗ್ತಿದ್ದದ್ದು ಮುಖ್ಯವಾಗಿ ಗೌರವ, ಆಸನ ಮತ್ತು ಕಲಿಸುವ ಹೊಣೆ. ಹೊಸ ಭಿಕ್ಷು ಕನಿಷ್ಠ ಐದು ವರ್ಷ ಒಬ್ಬ ಹಿರಿಯನ ಆಶ್ರಯದಲ್ಲಿ ಇರಬೇಕು. ಹಿರಿಯ ಅವನನ್ನು ಮಗನ ಹಾಗೆ ನೋಡಬೇಕು, ಅವನು ಹಿರಿಯನನ್ನು ತಂದೆಯ ಹಾಗೆ ನೋಡಬೇಕು. ಶಿಷ್ಯನಿಗೆ ಕಾಯಿಲೆ ಬಂದರೆ ಗುರುವೇ ಹಲ್ಲುಜ್ಜುವ ಕಡ್ಡಿ, ನೀರು, ಗಂಜಿ ಕೊಟ್ಟು ನೋಡಿಕೊಳ್ಳಬೇಕು. ಗುರುವಿನ ತಲೆಯಲ್ಲಿ ತಪ್ಪು ಅಭಿಪ್ರಾಯ ಬೇರೂರಿದರೆ ಶಿಷ್ಯ ಅದನ್ನು ಬಿಡಿಸೋಕೆ ಪ್ರಯತ್ನ ಮಾಡಬೇಕು. ಇದು ಶಿಷ್ಯನ ಕರ್ತವ್ಯದ ಪಟ್ಟಿಯಲ್ಲೇ ಇದೆ.

ಇನ್ನೊಂದು ಆಚರಣೆ 'ಪವಾರಣ'. ಮಳೆಗಾಲದ ವಾಸ ಮುಗಿಯುವ ದಿನ ಎಲ್ಲರೂ ಸೇರ್ತಾರೆ. ಒಬ್ಬೊಬ್ಬರೂ ಕೈಮುಗಿದು, ನನ್ನಲ್ಲಿ ಏನಾದರೂ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೆ ದಯವಿಟ್ಟು ಹೇಳಿ ಅಂತ ಸಂಘವನ್ನು ಕೇಳಿಕೊಳ್ಳಬೇಕು. ಇದನ್ನು ಶುರು ಮಾಡೋದು ಯಾರು? ಅತ್ಯಂತ ಹಿರಿಯ ಭಿಕ್ಷು. ಎಲ್ಲಕ್ಕಿಂತ ಎತ್ತರದ ಆಸನದಲ್ಲಿ ಕೂರುವವನೇ ಮೊದಲು ತನ್ನ ತಪ್ಪು ಕೇಳಬೇಕು. ಇವತ್ತಿನ ಯಾವುದೇ ಮಠದ, ಟ್ರಸ್ಟಿನ, ಪಕ್ಷದ ಸಭೆಯಲ್ಲಿ ಇದನ್ನು ಕಲ್ಪಿಸಿಕೊಳ್ಳಿ ನೋಡೋಣ.

ಗುರು ಇಲ್ಲದ ಮರುದಿನ

ಈಗ ನಿಜವಾದ ಪರೀಕ್ಷೆಗೆ ಬರೋಣ. ಬುದ್ಧ ತೀರಿಕೊಂಡದ್ದು ಯಾವಾಗ ಅನ್ನೋದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ, ಕ್ರಿ.ಪೂ. 483 ಅಂತ ಕೆಲವರು, ಕ್ರಿ.ಪೂ. 400ರ ಆಸುಪಾಸು ಅಂತ ಇನ್ನು ಕೆಲವರು. ಜಾಗ ಮಾತ್ರ ಗೊತ್ತು, ಕುಶಿನಗರ. ಕೊನೆಯ ತಿಂಗಳುಗಳಲ್ಲಿ ಆನಂದ, ಸಂಘದ ಬಗ್ಗೆ ಏನಾದರೂ ಹೇಳಿಯೇ ಹೋಗ್ತಾರೆ ಅನ್ನೋ ನಂಬಿಕೆಯಲ್ಲಿದ್ದ. ಬುದ್ಧ ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ನನ್ನ ನಂತರ ಧರ್ಮ ಮತ್ತು ವಿನಯವೇ ನಿಮ್ಮ ಗುರು ಅಂದ. ಜೊತೆಗೆ ಎರಡು ಸಣ್ಣ ಮಾತು ಹೇಳಿದ. ಒಂದು, ಇನ್ನು ಮೇಲೆ ಕಿರಿಯರು ಹಿರಿಯರನ್ನು 'ಭಂತೆ' ಅನ್ನಿ, ಹಿರಿಯರು ಕಿರಿಯರನ್ನು ಹೆಸರಿಡಿದೋ 'ಆವುಸೋ' ಅಂತಲೋ ಕರೆಯಿರಿ. ಎರಡು, ಸಂಘ ಬೇಕು ಅಂದರೆ ಸಣ್ಣಪುಟ್ಟ ನಿಯಮಗಳನ್ನು ಕೈಬಿಡಬಹುದು.

ಸಾವಿನ ಸುದ್ದಿ ಬಂದಾಗ ಮಹಾಕಾಶ್ಯಪ ಐನೂರು ಭಿಕ್ಷುಗಳ ಜೊತೆ ದಾರಿಯಲ್ಲಿದ್ದ. ಹಲವರು ಅತ್ತರು. ಮುಪ್ಪಿನಲ್ಲಿ ದೀಕ್ಷೆ ತೆಗೆದುಕೊಂಡಿದ್ದ ಸುಭದ್ರ ಅನ್ನೋನು ಮಾತ್ರ, ಅಳೋದು ಯಾಕೆ, ಅದು ಮಾಡು ಇದು ಮಾಡಬೇಡ ಅನ್ನೋರು ಹೋದರು, ಇನ್ನು ನಮಗೆ ಬೇಕಾದ ಹಾಗೆ ಇರಬಹುದು ಅಂದುಬಿಟ್ಟ. ಗಮನಿಸಿ, ಹೀಗೆ ಅಂದವನು ಹುಡುಗನಲ್ಲ, ಮುದುಕ. ಈ ಮಾತು ಕೇಳಿಯೇ ಕಾಶ್ಯಪ, ಎಲ್ಲರೂ ಕೂತು ಉಪದೇಶವನ್ನು ಒಟ್ಟಿಗೆ ಹೇಳಿ ಖಚಿತ ಮಾಡಿಕೊಳ್ಳೋಣ ಅಂತ ಪ್ರಸ್ತಾಪ ಇಟ್ಟ. ಅದೇ ರಾಜಗೃಹದ ಮೊದಲ ಸಂಗೀತಿ. ಆಗ ಬರಹ ಇರಲಿಲ್ಲ. ಪಾಲಿ ಗ್ರಂಥಗಳು ಶ್ರೀಲಂಕಾದಲ್ಲಿ ಬರಹಕ್ಕೆ ಇಳಿದದ್ದು ಕ್ರಿ.ಪೂ. 1ನೇ ಶತಮಾನದಲ್ಲಿ. ಅಲ್ಲೀತನಕ ಹಿರಿಯರ ನೆನಪೇ ಗ್ರಂಥಾಲಯ. ವಿನಯವನ್ನು ಹೇಳಿದ್ದು ಯಾರು ಗೊತ್ತಾ? ಅದೇ ಕ್ಷೌರಿಕ ಉಪಾಲಿ. ಸೂತ್ರಗಳನ್ನು ಹೇಳಿದ್ದು ಆನಂದ.

ಈ ಸಭೆಯ ವಿವರಗಳೆಲ್ಲ ಹಾಗೇ ನಡೆದವು ಅಂತ ಇತಿಹಾಸಕಾರರು ಒಪ್ಪಲ್ಲ. ಆದರೆ ಸಂಘ ತನ್ನ ಬಗ್ಗೆ ಏನನ್ನು ನೆನಪಿಟ್ಟುಕೊಂಡಿತು ಅನ್ನೋದೂ ಇತಿಹಾಸವೇ. ಅದು ನೆನಪಿಟ್ಟದ್ದು ಬರೀ ಹೆಮ್ಮೆಯ ವಿಷಯವನ್ನಲ್ಲ. ಪಠಣ ಮುಗಿದ ಮೇಲೆ ಹಿರಿಯರು ಆನಂದನ ಮೇಲೆ ಆರೋಪ ಹೊರಿಸಿದರು. ಸಣ್ಣ ನಿಯಮ ಅಂದ್ರೆ ಯಾವುವು ಅಂತ ನೀನು ಬುದ್ಧನನ್ನು ಕೇಳಲಿಲ್ಲ. ಅವನ ಬಟ್ಟೆ ಹೊಲಿಯುವಾಗ ಅದನ್ನು ತುಳಿದೆ. ಅವನ ದೇಹಕ್ಕೆ ಹೆಂಗಸರು ಮೊದಲು ನಮಸ್ಕರಿಸೋಕೆ ಬಿಟ್ಟೆ, ಅವರ ಕಣ್ಣೀರು ದೇಹಕ್ಕೆ ತಾಗಿತು. ಇನ್ನೂ ಬದುಕಿರಿ ಅಂತ ಬೇಡಿಕೊಳ್ಳಲಿಲ್ಲ. ಹೆಂಗಸರ ದೀಕ್ಷೆಗೆ ಒತ್ತಾಯ ಮಾಡಿದೆ.

ಇಪ್ಪತ್ತೈದು ವರ್ಷ ಬುದ್ಧನ ನೆರಳಿನ ಹಾಗಿದ್ದವನಿಗೆ ಈ ವಿಚಾರಣೆ. ಆನಂದ ಒಂದೊಂದಕ್ಕೂ ಕಾರಣ ಕೊಟ್ಟ. ಕೊನೆಗೆ ಪ್ರತಿ ಸಲವೂ ಒಂದೇ ಮಾತು: ನನಗೆ ಇದರಲ್ಲಿ ತಪ್ಪು ಕಾಣ್ತಿಲ್ಲ, ಆದರೂ ನಿಮ್ಮ ಮೇಲಿನ ಶ್ರದ್ಧೆಯಿಂದ ತಪ್ಪು ಅಂತ ಒಪ್ಪಿಕೊಳ್ತೀನಿ. ಮನೆಯಲ್ಲಿ ದೊಡ್ಡವರ ಮುಂದೆ ನಾವೆಲ್ಲ ಒಮ್ಮೆಯಾದರೂ ಹೀಗೆ ಒಪ್ಪಿಕೊಂಡಿದ್ದೀವಿ. ಕಾಶ್ಯಪ ಇನ್ನೊಂದು ಕಡೆ ಆನಂದನನ್ನು ಹುಡುಗ ಅಂತ ಗದರಿದ್ದೂ ದಾಖಲಾಗಿದೆ. ತಲೆ ನರೆತರೂ ನನಗೆ ಈ ಹುಡುಗ ಅನ್ನಿಸಿಕೊಳ್ಳೋದು ತಪ್ಪಲಿಲ್ಲ ಅನ್ನೋ ಅರ್ಥದಲ್ಲಿ ಆನಂದ ಅಲವತ್ತುಕೊಂಡ.

ಅದೇ ಸಭೆಯ ನಂತರ ಪುರಾಣ ಅನ್ನೋ ಭಿಕ್ಷು ರಾಜಗೃಹಕ್ಕೆ ಬಂದ. ಹಿರಿಯರು, ನಾವು ಎಲ್ಲವನ್ನೂ ಖಚಿತ ಮಾಡಿದ್ದೀವಿ, ಒಪ್ಪಿಕೋ ಅಂದರು. ಹಿರಿಯರು ಚೆನ್ನಾಗಿಯೇ ಮಾಡಿದ್ದಾರೆ, ಆದರೆ ನಾನು ಬುದ್ಧನ ಬಾಯಿಂದ ಕೇಳಿದ್ದನ್ನೇ ಇಟ್ಟುಕೊಳ್ತೀನಿ ಅಂತ ಪುರಾಣ ಹೇಳಿದ. ಅವನನ್ನು ಹೊರಗೆ ಹಾಕಿದರು ಅಂತ ಎಲ್ಲೂ ಇಲ್ಲ. ಹಿರಿಯರ ಗ್ರಂಥವೇ ಹಿರಿಯರನ್ನು ಒಪ್ಪದವನ ಮಾತನ್ನೂ ಉಳಿಸಿಕೊಂಡಿದೆ.

ವೈಶಾಲಿಯ ಕಂಚಿನ ಬಟ್ಟಲು

ಸಂಪ್ರದಾಯದ ಪ್ರಕಾರ ಇದಾಗಿ ನೂರು ವರ್ಷ. ಯಶ ಅನ್ನೋ ಭಿಕ್ಷು ವೈಶಾಲಿಗೆ ಬಂದ. ಉಪೋಸಥದ ದಿನ ಅಲ್ಲಿನ ವಜ್ಜಿ ಭಿಕ್ಷುಗಳು ಕಂಚಿನ ಬಟ್ಟಲಲ್ಲಿ ನೀರು ತುಂಬಿ ನಡುವೆ ಇಟ್ಟು, ಸಂಘಕ್ಕೆ ನಾಣ್ಯ ಹಾಕಿ ಅಂತ ಭಕ್ತರನ್ನು ಕೇಳ್ತಿದ್ದರು. ಹಾಕಬೇಡಿ, ಭಿಕ್ಷುಗಳು ಚಿನ್ನ ಬೆಳ್ಳಿ ಮುಟ್ಟುವಂತಿಲ್ಲ ಅಂತ ಯಶ ಅಲ್ಲೇ ಹೇಳಿದ. ರಾತ್ರಿ ಅವರು ಹಣ ಹಂಚಿಕೊಂಡು ಯಶನಿಗೂ ಅವನ ಪಾಲು ಕೊಟ್ಟರು. ಅವನು ಬೇಡ ಅಂದ. ಭಕ್ತರ ಮನಸ್ಸು ನೋಯಿಸಿದ್ದೀಯ, ಹೋಗಿ ಅವರ ಕ್ಷಮೆ ಕೇಳು ಅಂತ ಶಿಕ್ಷೆ ಹಾಕಿದರು. ಯಶ ಭಕ್ತರ ಬಳಿ ಹೋದ. ಕ್ಷಮೆ ಕೇಳೋ ಬದಲು ನಿಯಮ ಏನು ಅಂತ ಬಿಡಿಸಿ ಹೇಳಿದ. ಭಕ್ತರು ಅವನ ಕಡೆಗೇ ಆದರು. ಆಗ ಅವನನ್ನು ಅಮಾನತು ಮಾಡೋಕೆ ಹೊರಟರು. ಯಶ ವೈಶಾಲಿ ಬಿಟ್ಟು ಕೌಶಾಂಬಿಗೆ ಹೋಗಿ, ದೂರದೂರದ ಹಿರಿಯರನ್ನು ಸೇರಿಸೋ ಕೆಲಸಕ್ಕೆ ಇಳಿದ.

ಎರಡೂ ಕಡೆಯವರಿಗೆ ಬೇಕಾಗಿದ್ದದ್ದು ರೇವತ ಅನ್ನೋ ಹಿರಿಯನ ಬೆಂಬಲ. ವಜ್ಜಿಗಳು ಕಾಣಿಕೆ ಹೊತ್ತು ಹೋದರು. ರೇವತ ಮುಟ್ಟಲಿಲ್ಲ. ಅವನ ಸೇವೆಯಲ್ಲಿದ್ದ ಉತ್ತರ ಬಲವಂತಕ್ಕೆ ಒಂದು ಚೀವರ ತಗೊಂಡು, ನಿಮ್ಮ ಪರ ಒಂದು ಮಾತು ಹೇಳ್ತೀನಿ ಅಂದ. ಗೊತ್ತಾದ ತಕ್ಷಣ ರೇವತ ಅವನನ್ನು ದೂರ ಮಾಡಿದ. ಉತ್ತರ ಹೊಸಬನಲ್ಲ, ಇಪ್ಪತ್ತು ಮಳೆಗಾಲ ಕಳೆದವನು. ಹಿರಿಯರನ್ನು ಕೊಳ್ಳೋಕಾಗದಿದ್ದರೆ ಹಿರಿಯರ ಬಾಗಿಲು ಕಾಯುವವರನ್ನು ಹಿಡಿಯೋದು ಹಳೆಯ ವಿದ್ಯೆಯೇ.

ವೈಶಾಲಿಯಲ್ಲಿ ಏಳುನೂರು ಭಿಕ್ಷುಗಳು ಸೇರಿದರು. ಮಾತಿಗೆ ಮಾತು ಬೆಳೆದು ಏನೂ ತೀರ್ಮಾನ ಆಗಲಿಲ್ಲ. ಆಗ ಪೂರ್ವದ ನಾಲ್ವರು, ಪಶ್ಚಿಮದ ನಾಲ್ವರು ಸೇರಿದ ಎಂಟು ಜನರ ಸಮಿತಿ ಆಯಿತು. ಆಸನ ಹಾಕುವ ಕೆಲಸವನ್ನು ಹತ್ತು ಮಳೆಗಾಲದ ಅಜಿತ ಅನ್ನೋನಿಗೆ ಕೊಟ್ಟರು. ಉತ್ತರ ಕೊಟ್ಟವನು ಸಬ್ಬಕಾಮಿ. ದೀಕ್ಷೆಯಾಗಿ 120 ವರ್ಷ ಆಗಿತ್ತು, ಆನಂದನ ಶಿಷ್ಯನಾಗಿದ್ದ ಅಂತ ಗ್ರಂಥ ಹೇಳುತ್ತೆ. 120 ಅನ್ನೋದನ್ನು ಅಕ್ಷರಶಃ ತಗೋಬೇಕಾಗಿಲ್ಲ. ಬುದ್ಧನನ್ನು ಬಲ್ಲವರನ್ನು ಬಲ್ಲವನು ಅನ್ನೋದು ಇಲ್ಲಿ ಮುಖ್ಯ. ಇನ್ನೊಂದು ವಿಷಯ, ಸಬ್ಬಕಾಮಿ ಸಮಿತಿಯಲ್ಲಿ ಪೂರ್ವದ ಕಡೆಯವನು, ಅಂದ್ರೆ ವಜ್ಜಿಗಳ ಸೀಮೆಯವನೇ.

ಹತ್ತು ಪ್ರಶ್ನೆಗಳು. ಕೊಂಬಿನಲ್ಲಿ ಉಪ್ಪು ಕೂಡಿಟ್ಟುಕೊಳ್ಳಬಹುದಾ? ಮಧ್ಯಾಹ್ನ ನೆರಳು ಎರಡು ಬೆರಳು ದಾಟಿದ ಮೇಲೂ ಉಣ್ಣಬಹುದಾ? ಕೊನೆಯದು ಚಿನ್ನ ಬೆಳ್ಳಿ. ಸಬ್ಬಕಾಮಿ ತನ್ನ ವಯಸ್ಸನ್ನು ಆಧಾರ ಮಾಡಿಕೊಳ್ಳಲಿಲ್ಲ. ಈ ನಿಯಮ ಯಾವ ಊರಲ್ಲಿ, ಯಾವ ಸಂದರ್ಭದಲ್ಲಿ ಆದದ್ದು ಅಂತ ಒಂದೊಂದಕ್ಕೂ ಆಧಾರ ಹೇಳಿದ.

ಆರನೇ ಪ್ರಶ್ನೆಯ ಮೇಲೆ ನನಗೆ ವಿಶೇಷ ಪ್ರೀತಿ. ನಮ್ಮ ಗುರುಗಳು ಹೀಗೆ ಮಾಡ್ತಿದ್ದರು, ಹಾಗಾಗಿ ನಾವೂ ಮಾಡಬಹುದಾ? ಮಿಕ್ಕ ಒಂಬತ್ತಕ್ಕೂ ಆಗದು ಅಂದ ಸಬ್ಬಕಾಮಿ ಇದೊಂದಕ್ಕೆ ಮಾತ್ರ, ಕೆಲವು ಸಲ ಆಗಬಹುದು, ಕೆಲವು ಸಲ ಆಗದು ಅಂದ. ಅಂದ್ರೆ ಅಲ್ಲಿದ್ದವರಲ್ಲೇ ಅತ್ಯಂತ ಹಿರಿಯನ ತೀರ್ಪು ಇದು: ಹಿರಿಯರು ಮಾಡ್ತಿದ್ದರು ಅನ್ನೋದೊಂದೇ ಕಾರಣ ಸಾಲದು.

ಈ ತೀರ್ಪಿನಿಂದ ಎಲ್ಲ ಸರಿಹೋಯಿತಾ? ಇಲ್ಲ. ಮುಂದೆ ಸಂಘ ಸ್ಥವಿರರು, ಮಹಾಸಾಂಘಿಕರು ಅಂತ ಎರಡಾಯಿತು. ಒಂದು ಹಿರಿಯರ ಹೆಸರು, ಇನ್ನೊಂದು ದೊಡ್ಡ ಸಭೆಯ ಹೆಸರು. ಸೋತ ವಜ್ಜಿಗಳೇ ಒಡೆದು ಹೋದರು ಅಂತ ಸಿಂಹಳದ ದೀಪವಂಶ ಹೇಳುತ್ತೆ. ಹಿರಿಯರ ಕಡೆಯವರೇ ಇಲ್ಲದ ನಿಯಮ ಸೇರಿಸೋಕೆ ಹೊರಟಿದ್ದರು ಅಂತ ಮಹಾಸಾಂಘಿಕರ ಪರಂಪರೆ ಹೇಳುತ್ತೆ.

ಹಿರಿಯಳಿಗೆ ಜಾಗ ಎಲ್ಲಿ?

ಇಲ್ಲೀತನಕ ಹೇಳಿದ್ದನ್ನು ಕೇಳಿ ಎಂಥ ಚೆಂದದ ವ್ಯವಸ್ಥೆ ಅನ್ನಿಸಿದ್ದರೆ, ಇದನ್ನೂ ಕೇಳಬೇಕು. ಮಳೆಗಾಲದ ಲೆಕ್ಕ ಕುಲವನ್ನು ದಾಟಿತು, ಹೆಣ್ಣು ಗಂಡು ಅನ್ನೋದನ್ನು ದಾಟಲಿಲ್ಲ. ನೂರು ವರ್ಷ ದೀಕ್ಷೆಯಲ್ಲಿದ್ದ ಭಿಕ್ಷುಣಿಯೂ ಇವತ್ತು ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ನಮಸ್ಕರಿಸಬೇಕು ಅಂತ ನಿಯಮ. ಬುದ್ಧನನ್ನು ಸಾಕಿ ಬೆಳೆಸಿದ ಮಹಾಪ್ರಜಾಪತಿ ಗೌತಮಿಯೇ ಇದನ್ನು ಪ್ರಶ್ನೆ ಮಾಡಿದಳು. ಭಿಕ್ಷು ಭಿಕ್ಷುಣಿ ಅನ್ನದೆ ಹಿರಿತನದ ಪ್ರಕಾರ ನಮಸ್ಕಾರ ನಡೆಯಲಿ ಅಂತ ಆನಂದನ ಮೂಲಕ ಕೇಳಿಸಿದಳು. ಬುದ್ಧ ಒಪ್ಪಲಿಲ್ಲ ಅಂತ ವಿನಯದಲ್ಲಿದೆ. ಈ ನಿಯಮಗಳು ಆಮೇಲೆ ಸೇರಿದವು ಅಂತ ಹಲವು ವಿದ್ವಾಂಸರು ವಾದಿಸ್ತಾರೆ. ಯಾರು ಸೇರಿಸಿದರೂ ಕಾಪಾಡಿಕೊಂಡು ಬಂದವರು ಹಿರಿಯರು. ಅದೇ ಹಿರಿಯರು ಆಕೆಯ ಪ್ರಶ್ನೆಯನ್ನೂ ಅಳಿಸಲಿಲ್ಲ, ಅದೂ ನಿಜ.

ಇದರ ಪರಿಣಾಮ ನಮ್ಮ ಕಾಲದವರೆಗೂ ಬಂದಿದೆ. ಭಿಕ್ಷುಣಿಯ ದೀಕ್ಷೆಗೆ ಹಿರಿಯ ಭಿಕ್ಷುಣಿಯರು ಬೇಕು. ಶ್ರೀಲಂಕಾದಲ್ಲಿ 11ನೇ ಶತಮಾನದ ಹೊತ್ತಿಗೆ ಭಿಕ್ಷುಣಿ ಸಂಘ ಅಳಿದುಹೋಯಿತು. ಹಿರಿಯಳೇ ಇಲ್ಲದ ಮೇಲೆ ಕಿರಿಯಳಿಗೆ ದೀಕ್ಷೆ ಕೊಡುವವರು ಯಾರು? ದೀಪದಿಂದ ದೀಪ ಹಚ್ಚಬೇಕಾದಲ್ಲಿ ಕೊನೆಯ ದೀಪ ಆರಿತ್ತು. 1996ರಲ್ಲಿ ಸಾರನಾಥದಲ್ಲಿ, 1998ರಲ್ಲಿ ಬೋಧಗಯಾದಲ್ಲಿ ಪೂರ್ವ ಏಷ್ಯಾದ ಪರಂಪರೆಯ ಭಿಕ್ಷುಣಿಯರ ನೆರವಿನಿಂದ ಶ್ರೀಲಂಕಾದ ಮಹಿಳೆಯರಿಗೆ ಮತ್ತೆ ದೀಕ್ಷೆ ಆಯಿತು. ಥೇರವಾದದ ಬಹಳಷ್ಟು ಹಿರಿಯರು ಇವತ್ತಿಗೂ ಅದನ್ನು ಒಪ್ಪಿಲ್ಲ. ಆದರೆ ಆ ಮಹಿಳೆಯರಲ್ಲಿ ಮೊದಲಿನವರಿಗೆ ಈಗ ಇಪ್ಪತ್ತಕ್ಕೂ ಹೆಚ್ಚು ಮಳೆಗಾಲ ಕಳೆದಿವೆ. ಸಂಘದ ಹಳೆಯ ಲೆಕ್ಕದಲ್ಲೇ ಅವರು ಮಹಾಥೇರಿಯರು.

ನಮ್ಮ ನೆಲದ ಎಳೆ

ಈ ಕಥೆಗೂ ನಮ್ಮ ಕರ್ನಾಟಕಕ್ಕೂ ನಂಟಿದೆ. ಅಶೋಕನ ಕಾಲದಲ್ಲಿ ಮೊಗ್ಗಲಿಪುತ್ತ ತಿಸ್ಸ ಬೇರೆ ಬೇರೆ ನಾಡಿಗೆ ಹಿರಿಯರನ್ನು ಕಳಿಸಿದ, ರಕ್ಖಿತ ಥೇರ ವನವಾಸಿಗೆ, ಮಹಾದೇವ ಥೇರ ಮಹಿಷಮಂಡಲಕ್ಕೆ ಹೋದರು ಅಂತ ಮಹಾವಂಶದಲ್ಲಿದೆ. ವನವಾಸಿ ನಮ್ಮ ಬನವಾಸಿ. ಮಹಿಷಮಂಡಲ ಮೈಸೂರು ಸೀಮೆ ಅಂತ ಕೆಲವರು, ನರ್ಮದೆಯ ದಡದ ಮಾಹಿಷ್ಮತಿ ಅಂತ ಕೆಲವರು. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನದಲ್ಲೂ ತಂದೆ ತಾಯಿ, ಹಿರಿಯರ ಮಾತು ಕೇಳುವುದು, ಶಿಷ್ಯ ಗುರುವನ್ನು ಗೌರವಿಸುವುದು ಹಳೆಯ ರೀತಿ ಅನ್ನೋ ಸಂಗತಿ ಇದೆ. ಅದೇ ಶಾಸನದಲ್ಲಿ, ಈ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಪ್ರಯತ್ನಪಟ್ಟರೆ ಚಿಕ್ಕವರಿಗೂ ಸಿಗುತ್ತೆ ಅಂತಲೂ ಇದೆ. ಎರಡೂ ಮಾತು ಒಂದೇ ಬಂಡೆಯ ಮೇಲೆ.

ಆ ವಿಹಾರದ ಹಿರಿಯರನ್ನು ಹೊರಡೋ ಮುಂಚೆ ಇನ್ನೊಂದು ಪ್ರಶ್ನೆ ಕೇಳಿದ್ದೆ. ಮೊಮ್ಮಗನ ವಯಸ್ಸಿನವರಿಗೆ ಕೈಮುಗಿಯೋದು ಕಷ್ಟ ಆಗಲ್ವಾ ಅಂತ. ಅವರು ಸ್ವಲ್ಪ ಯೋಚಿಸಿ ಹೇಳಿದರು: "ಮೊದಲ ವರ್ಷ ಆಯ್ತು. ಆಮೇಲೆ ಒಂದು ಪವಾರಣದ ದಿನ ಅವರೂ ನಮ್ಮೆಲ್ಲರ ಮುಂದೆ ಕೈಮುಗಿದು, ನನ್ನ ತಪ್ಪಿದ್ದರೆ ಹೇಳಿ ಅಂದರು. ಅವತ್ತಿನಿಂದ ಕಷ್ಟ ಆಗಿಲ್ಲ."

ಹಿರಿಯರಿಗೆ ಗೌರವ ಕೊಡಿ ಅಂತ ಎಲ್ಲ ಸಮುದಾಯಗಳೂ ಹೇಳ್ತವೆ. ನಿಮ್ಮ ಮಠದಲ್ಲಿ, ಸಂಘದಲ್ಲಿ, ಮನೆಯಲ್ಲಿ ಹಿರಿಯರಿಗೆ ತಪ್ಪು ತೋರಿಸೋಕೆ ವರ್ಷಕ್ಕೆ ಒಂದಾದರೂ ದಿನ ಇದೆಯಾ? ಯೋಚನೆ ಮಾಡಿ, ನಮಗೂ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.